ಹಕ್ಕಿಗಳ ಹಳೆಯ ಗಣಗಳು

ಕಂಡದ್ದಕ್ಕೆಲ್ಲ ಹೆಸರಿಡುವುದು, ಹೆಸರಿಟ್ಟದ್ದನ್ನು ಗುಂಪುಗೂಡಿಸುವುದು ಮನುಷ್ಯನಿಗೆ ಭಾಷೆಯೊಡನೆಯೇ ಬಂದ ಅಭ್ಯಾಸ. ಅಕ್ಷರ ಕಲಿಯುವುದಕ್ಕೆ ಮೊದಲೇ ಮಗು ಕಾಗೆಯನ್ನು ಗುಬ್ಬಿಯಿಂದಲೂ ಗಿಳಿಯನ್ನು ಹದ್ದಿನಿಂದಲೂ ಬೇರ್ಪಡಿಸಿ ನೋಡುತ್ತದೆ. ಬೇಸಾಯಗಾರನು ಕಾಳು ತಿನ್ನುವ ಹಕ್ಕಿ ಯಾವುದು, ಹುಳು ತಿನ್ನುವ ಹಕ್ಕಿ ಯಾವುದು ಎಂಬುದನ್ನು ಬಲ್ಲ. ಕೆರೆಯ ಬದಿಯವರು ನೀರಹಕ್ಕಿಗಳನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸುತ್ತಾರೆ. ವಿಜ್ಞಾನವು ಇದೇ ಕೆಲಸವನ್ನು ಕೈಗೆತ್ತಿಕೊಂಡು ಸುಮಾರು ಮೂರೂವರೆ ಶತಮಾನಗಳು ಕಳೆದಿವೆ. ಈ ಅವಧಿಯಲ್ಲಿ ಅದು ಕಟ್ಟಿದ ಗುಂಪುಗಳಲ್ಲಿ ಅನೇಕವನ್ನು ಅದೇ ಮುರಿದಿದೆ. ಮುರಿದ ಮೇಲೆ ಮತ್ತೆ ಕಟ್ಟಿದೆ.

ನಾನು ಪಾಠ ಹೇಳಿದ್ದು ಕನ್ನಡ ಸಾಹಿತ್ಯವನ್ನು, ವ್ಯಾಕರಣವನ್ನು. ಹಕ್ಕಿಗಳ ವಿಷಯದಲ್ಲಿ ನಾನು ಓದುಗನೇ ಹೊರತು ಶಾಸ್ತ್ರಜ್ಞನಲ್ಲ. ಆದರೆ ಶಬ್ದಗಳನ್ನು ವಿಂಗಡಿಸುವ ವೈಯಾಕರಣನೂ ಹಕ್ಕಿಗಳನ್ನು ವಿಂಗಡಿಸುವ ಪಕ್ಷಿಶಾಸ್ತ್ರಜ್ಞನೂ ಎದುರಿಸುವ ಪ್ರಶ್ನೆ ಒಂದೇ. ಎರಡು ವಸ್ತುಗಳು ಒಂದನ್ನೊಂದು ಹೋಲುತ್ತವೆ ಎಂದಾಗ ಆ ಹೋಲಿಕೆ ಎಲ್ಲಿಂದ ಬಂತು? ಒಂದೇ ಮನೆಯಲ್ಲಿ ಹುಟ್ಟಿದ್ದರಿಂದಲೇ, ಅಥವಾ ಒಂದೇ ಬಗೆಯ ಬಾಳು ಬಾಳಿದ್ದರಿಂದಲೇ? ಹಕ್ಕಿಗಳ ವರ್ಗೀಕರಣದಲ್ಲಿ ಒಮ್ಮೆ ಪ್ರಮಾಣವೆನಿಸಿ ಇಂದು ಕೈಬಿಟ್ಟುಹೋಗಿರುವ ಗುಂಪುಗಳ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದದ್ದು. ಅದನ್ನು ಸಂಗ್ರಹವಾಗಿ ಕೇಳುಗರ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಪಾಶ್ಚಾತ್ಯ ಶಾಸ್ತ್ರಕ್ಕೆ ಹೋಗುವ ಮೊದಲು ನಮ್ಮ ನಾಡಿನ ಒಂದು ಹಳೆಯ ವಿಂಗಡಣೆಯನ್ನು ನೋಡಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನವಿಧಿ ಎಂಬ 27ನೆಯ ಅಧ್ಯಾಯವಿದೆ. ಅಲ್ಲಿ ಪ್ರಾಣಿಗಳನ್ನೂ ಹಕ್ಕಿಗಳನ್ನೂ ಕೆಲವು ವರ್ಗಗಳಾಗಿ ಮಾಡಿದ್ದಾರೆ. ಕಾಲಿನಿಂದ ಕೆದಕಿ ಚೆಲ್ಲಾಡಿ ತಿನ್ನುವವು ವಿಷ್ಕಿರಗಳು. ಕೊಕ್ಕಿನಿಂದ ಕುಕ್ಕಿ ತಿನ್ನುವವು ಪ್ರತುದಗಳು. ಬಲಾತ್ಕಾರದಿಂದ ಕಿತ್ತು ತಿನ್ನುವವು ಪ್ರಸಹಗಳು. ನೀರಿನಲ್ಲಿ ಸಂಚರಿಸುವವು ಜಲಚರಗಳು. ಪ್ರಸಹ ವರ್ಗದಲ್ಲಿ ರಣಹದ್ದು, ಕಾಗೆ, ಗೂಬೆಗಳ ಜೊತೆಯಲ್ಲಿಯೇ ಸಿಂಹವೂ ನರಿಯೂ ಸೇರಿವೆ. ಇದನ್ನು ಕಂಡು ನಗಬೇಕಾದ್ದಿಲ್ಲ. ವೈದ್ಯನಿಗೆ ಬೇಕಾಗಿದ್ದದ್ದು ಮಾಂಸದ ಗುಣ. ಪ್ರಾಣಿಯ ಆಹಾರದಿಂದಲೂ ನೆಲೆಯಿಂದಲೂ ಮಾಂಸಕ್ಕೆ ಗುಣ ಬರುತ್ತದೆ ಎಂಬುದು ಅವನ ಸಿದ್ಧಾಂತ. ಆ ಉದ್ದೇಶಕ್ಕೆ ಆ ವಿಂಗಡಣೆ ತಕ್ಕದ್ದೇ ಆಗಿತ್ತು. ಹಕ್ಕಿಗಳ ವಂಶವನ್ನು ಹೇಳುತ್ತೇನೆಂದು ಅವನು ಹೊರಟವನೇ ಅಲ್ಲ.

ಯೂರೋಪಿನಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಇಂಗ್ಲೆಂಡಿನ ಇಬ್ಬರು ಗೆಳೆಯರು: ಫ್ರಾನ್ಸಿಸ್ ವಿಲಬಿ ಮತ್ತು ಜಾನ್ ರೇ. ವಿಲಬಿ 1672ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಕ್ರಮಪಡಿಸಿ, ತನ್ನ ಶ್ರಮವನ್ನೂ ಸೇರಿಸಿ, ರೇ 1676ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವನ್ನು ಹೊರತಂದ. ಅದರಲ್ಲಿ ಹಕ್ಕಿಗಳು ಮೊದಲು ಎರಡು ಪಾಲಾಗುತ್ತವೆ: ನೆಲದ ಹಕ್ಕಿಗಳು, ನೀರಿನ ಹಕ್ಕಿಗಳು. ನೆಲದ ಹಕ್ಕಿಗಳಲ್ಲಿ ಬಾಗಿದ ಕೊಕ್ಕು, ಬಾಗಿದ ಉಗುರು ಉಳ್ಳವು ಒಂದು ಕಡೆ. ಉಳಿದವು ಇನ್ನೊಂದು ಕಡೆ. ಬಾಗಿದ ಕೊಕ್ಕಿನವುಗಳಲ್ಲಿ ಹಗಲು ಬೇಟೆಯಾಡುವ ಹದ್ದು, ಡೇಗೆಗಳೂ ರಾತ್ರಿ ಬೇಟೆಯಾಡುವ ಗೂಬೆಗಳೂ ಹಣ್ಣು ತಿನ್ನುವ ಗಿಳಿಗಳೂ ನೆರೆಹೊರೆಯವರಾದವು. ಗಿಳಿ, ಡೇಗೆಗಳ ಈ ನೆರೆಹೊರೆಯನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಮಾತು ಬರಲಿದೆ.

ಆಮೇಲೆ ಬಂದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ ಅವನ ಗ್ರಂಥದ ಹತ್ತನೆಯ ಆವೃತ್ತಿಯಿಂದ, ಎಂದರೆ 1758ರಿಂದ, ಎಣಿಕೆಗೆ ಬರುತ್ತದೆ. ಅಲ್ಲಿ ಅವನು ಐದುನೂರಕ್ಕೂ ಮಿಕ್ಕ ಹಕ್ಕಿಗಳನ್ನು ಆರೇ ಗಣಗಳಲ್ಲಿ ಅಡಕಮಾಡಿದ. ಬೇಟೆಹಕ್ಕಿಗಳ ಗಣದಲ್ಲಿ ರಣಹದ್ದು, ಡೇಗೆ, ಗೂಬೆಗಳೊಡನೆ ಪುಟ್ಟ ಕಳಿಂಗವೂ ಸೇರಿತು. ಕೊಕ್ಕಿನ ತುದಿ ಕೊಂಡಿಯಂತಿದೆ, ಹುಳುಹುಪ್ಪಟೆಗಳನ್ನು ಮುಳ್ಳಿಗೆ ಚುಚ್ಚಿ ತಿನ್ನುತ್ತದೆ ಎಂಬುದೇ ಅದಕ್ಕೆ ಕಾರಣ. ಎರಡನೆಯ ಗಣದಲ್ಲಿ ಗಿಳಿ, ಮಂಗಟ್ಟೆ, ಕಾಗೆ, ಕೋಗಿಲೆ, ಮರಕುಟಿಗ, ಮಿಂಚುಳ್ಳಿ, ಅಮೆರಿಕದ ಝೇಂಕಾರದ ಹಕ್ಕಿ ಎಲ್ಲವೂ ಒಟ್ಟಿಗೆ ನಿಂತವು. ಉದ್ದಕಾಲಿನ ನೀರಹಕ್ಕಿಗಳ ಗಣಕ್ಕೆ ಕೊಕ್ಕರೆ, ರಾಜಹಂಸಗಳ ಜೊತೆಗೆ ಮರಳುಗಾಡಿನ ಉಷ್ಟ್ರಪಕ್ಷಿಯೂ ಬಂತು. ಗುಬ್ಬಿಗಳ ಗಣದಲ್ಲಿ ಪಾರಿವಾಳವೂ ಇರುಳಾಡುವ ನತ್ತಿಂಗವೂ ಇದ್ದವು. ಬಾತುಗಳದ್ದೊಂದು, ಕೋಳಿಗಳದ್ದೊಂದು ಗಣ ಸೇರಿ ಆರಾದವು.

ಈ ಆರು ಗಣಗಳಲ್ಲಿ ಒಂದೂ ಲಿನೇಯಸ್ ಇಟ್ಟಂತೆ ಇಂದು ಉಳಿದಿಲ್ಲ. ಆದರೂ ಅವನ ಕಾಲಕ್ಕೆ ಅದು ದೊಡ್ಡ ಉಪಕಾರ. ದೂರದೂರದ ಹಡಗುಗಳಿಂದ ಹೊಸ ಹಕ್ಕಿಗಳ ಚರ್ಮಗಳು ರಾಶಿರಾಶಿಯಾಗಿ ಬಂದು ಬೀಳುತ್ತಿದ್ದಾಗ, ಕೊಕ್ಕನ್ನೂ ಕಾಲನ್ನೂ ನೋಡಿ ತಕ್ಷಣ ಒಂದು ಗೂಡಿನಲ್ಲಿ ಇಡುವುದಕ್ಕೆ ಇಂಥ ಸುಲಭವಾದ ಬೀರು ಬೇಕಾಗಿತ್ತು. ಬೀರುವಿನ ಗೂಡುಗಳನ್ನೇ ಸೃಷ್ಟಿಯ ಕ್ರಮವೆಂದು ಎಣಿಸಿದಾಗ ತೊಡಕು ಆರಂಭವಾಯಿತು.

19ನೆಯ ಶತಮಾನದ ಮೊದಲ ಭಾಗದಲ್ಲಿ ಈ ತೊಡಕು ಒಂದು ವಿಚಿತ್ರ ಸಿದ್ಧಾಂತಕ್ಕೆ ಎಡೆಮಾಡಿತು. ವಿಲಿಯಂ ಶಾರ್ಪ್ ಮೆಕ್ಲೇ ಎಂಬ ಕೀಟಶಾಸ್ತ್ರಜ್ಞನು 1819 ಮತ್ತು 1821ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೃಷ್ಟಿಯ ಪ್ರತಿಯೊಂದು ಗುಂಪಿನಲ್ಲಿಯೂ ಐದೇ ಒಳಗುಂಪುಗಳಿರುತ್ತವೆ, ಅವು ಒಂದು ವೃತ್ತದ ಸುತ್ತ ಹೆಣೆದುಕೊಂಡಿರುತ್ತವೆ ಎಂದು ಸಾರಿದ. ನಿಕೊಲಾಸ್ ವಿಗರ್ಸ್ ಎಂಬಾತ 1825ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಪಂಚಕವನ್ನು ಹಕ್ಕಿಗಳಿಗೆ ಅನ್ವಯಿಸಿದ. ಹಿಡಿದು ತಿನ್ನುವವು, ಕೊಂಬೆಯ ಮೇಲೆ ಕೂರುವವು, ನೆಲ ಕೆದಕುವವು, ನೀರಿನಲ್ಲಿ ನಡೆಯುವವು, ಈಜುವವು ಎಂದು ಐದು ಗಣಗಳಾದವು. ಪ್ರತಿ ಗಣದೊಳಗೂ ಮತ್ತೆ ಐದು. ಕೂರುವ ಹಕ್ಕಿಗಳಲ್ಲಿ ಸೀಳುಬಾಯಿಯವು, ಹಲ್ಲುಕೊಕ್ಕಿನವು, ಶಂಕುಕೊಕ್ಕಿನವು, ಮರವೇರುವವು, ತೆಳುಕೊಕ್ಕಿನವು. ವಿಗರ್ಸನ 'ಕೆದಕುವವು' ನಮ್ಮ ಚರಕನ 'ವಿಷ್ಕಿರ'ಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ಗಮನಿಸಬೇಕು. ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲದ ಎರಡು ಕಾಲ, ಎರಡು ದೇಶಗಳ ಕಣ್ಣುಗಳು ಕೋಳಿ ತಿಪ್ಪೆ ಕೆದಕುವುದನ್ನು ನೋಡಿ ಒಂದೇ ಹೆಸರು ಕಟ್ಟಿದವು. ವ್ಯತ್ಯಾಸವಿಷ್ಟೇ: ಚರಕನಿಗೆ ಅದು ಪಥ್ಯದ ಲೆಕ್ಕ, ವಿಗರ್ಸನಿಗೆ ಸೃಷ್ಟಿಯ ಗುಟ್ಟು.

ಐದೆಂಬ ಲೆಕ್ಕಕ್ಕೆ ಹಕ್ಕಿಗಳು ಒಪ್ಪದಾದಾಗ ಈ ಪಂಥದವರು ಹಕ್ಕಿಗಳನ್ನೇ ಲೆಕ್ಕಕ್ಕೆ ಒಗ್ಗಿಸತೊಡಗಿದರು. ಒಂದು ಗುಂಪು ಕಡಿಮೆ ಬಿದ್ದರೆ ಇನ್ನೂ ಕಂಡುಹಿಡಿಯಬೇಕಾಗಿದೆ ಎಂದರು. ಹೆಚ್ಚಾದರೆ ಎರಡನ್ನು ಸೇರಿಸಿ ಒಂದು ಮಾಡಿದರು. ಹ್ಯೂ ಸ್ಟ್ರಿಕ್ಲೆಂಡ್ ಎಂಬ ಯುವಕ ಇದನ್ನು ಬಲವಾಗಿ ವಿರೋಧಿಸಿದ. ನಿಸರ್ಗದ ಸಂಬಂಧಗಳು ಭೂಪಟದ ನದಿ, ಬೆಟ್ಟ, ದ್ವೀಪಗಳಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಅವನ್ನು ಅಳೆದು ಗುರುತಿಸಬೇಕೇ ಹೊರತು ಮೊದಲೇ ವೃತ್ತ ಬರೆದುಕೊಂಡು ಹೊರಡಬಾರದು ಎಂಬುದು ಅವನ ವಾದ. ಪ್ರಾಣಿಗಳ ಹೆಸರುಗಳಿಗೆ 1842ರಲ್ಲಿ ನಿಯಮಗಳನ್ನು ರೂಪಿಸಿದ ಸಮಿತಿಯ ಮುಂದಾಳೂ ಅವನೇ. ಚಾರ್ಲ್ಸ್ ಡಾರ್ವಿನ್ ಆ ಸಮಿತಿಯ ಒಬ್ಬ ಸದಸ್ಯ. 1853ರಲ್ಲಿ ರೈಲುದಾರಿಯ ಬದಿಯ ಶಿಲಾಸ್ತರಗಳನ್ನು ಪರೀಕ್ಷಿಸುತ್ತಿದ್ದಾಗ ರೈಲು ಬಡಿದು ಅವನು ಸತ್ತ. ಅಷ್ಟರಲ್ಲಿ ವೃತ್ತಗಳ ಪಂಥ ಮಸುಕಾಗಿತ್ತು.

ಪಂಥ ಮಸುಕಾದರೂ ಅದು ಕಟ್ಟಿದ ಗಣಗಳು ಬಹುಕಾಲ ಬಾಳಿದವು. ನಮ್ಮ ದಕ್ಷಿಣ ದೇಶದ ಹಕ್ಕಿಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ಅಗ್ರಗಣ್ಯನಾದ ಥಾಮಸ್ ಜೆರ್ಡನ್ ಮದರಾಸು ಸೈನ್ಯದ ವೈದ್ಯ. 1862ರಿಂದ 1864ರವರೆಗೆ ಕಲ್ಕತ್ತೆಯಲ್ಲಿ ಅಚ್ಚಾದ ಅವನ 'ಬರ್ಡ್ಸ್ ಆಫ್ ಇಂಡಿಯಾ' ಗ್ರಂಥವನ್ನು ತೆರೆದರೆ ವಿಗರ್ಸನ ಐದು ಗಣಗಳೇ ಕಾಣುತ್ತವೆ. ಪಾರಿವಾಳಗಳಿಗೆಂದು ಆರನೆಯದೊಂದನ್ನು ಸೇರಿಸಿದ್ದಾನೆ, ಅಷ್ಟೆ. ಕೂರುವ ಹಕ್ಕಿಗಳ ಐದು ಪಂಗಡಗಳೂ ಹಾಗೆಯೇ ಇವೆ. ಸೀಳುಬಾಯಿಯವುಗಳಲ್ಲಿ ನಮ್ಮ ಊರುಗಳ ಮೇಲೆ ಸಂಜೆ ಹಾರಾಡುವ ಅಂಬರಗುಬ್ಬಿ, ಅದರಂತೆಯೇ ಹಾರುವ ಸ್ವಿಫ್ಟ್, ನತ್ತಿಂಗ, ಕಳ್ಳಿಪೀರ, ನೀಲಕಂಠ, ಮಿಂಚುಳ್ಳಿ, ಮಂಗಟ್ಟೆಗಳೆಲ್ಲ ಒಂದಾಗಿವೆ. ತೆಳುಕೊಕ್ಕಿನವುಗಳಲ್ಲಿ ಸೂರಕ್ಕಿಯೂ ಚಂದ್ರಮುಕುಟವೂ ಬಂಧುಗಳಾಗಿವೆ.

ಅಂಬರಗುಬ್ಬಿಯನ್ನೂ ಸ್ವಿಫ್ಟನ್ನೂ ಆಕಾಶದಲ್ಲಿ ನೋಡಿದವರು ಅವನ್ನು ಒಂದು ಗುಂಪಿಗೆ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡಕ್ಕೂ ಕುಡುಗೋಲಿನಂಥ ರೆಕ್ಕೆ, ಪುಟ್ಟ ಕೊಕ್ಕು, ಅಗಲವಾಗಿ ತೆರೆಯುವ ಬಾಯಿ. ಹಾರುತ್ತಲೇ ಹುಳು ಹಿಡಿಯುವುದು ಎರಡರ ಬದುಕು. ಆದರೆ ಜರ್ಮನಿಯ ನಿಟ್ಷ್ ಎಂಬ ವಿದ್ವಾಂಸ ಹಕ್ಕಿಯ ಹೊರ ಆಕಾರವನ್ನು ಬಿಟ್ಟು, ಮೈಮೇಲೆ ಗರಿಗಳು ಯಾವ ಯಾವ ಪಟ್ಟಿಗಳಲ್ಲಿ ನೆಟ್ಟಿವೆ ಎಂಬುದನ್ನು ಪರೀಕ್ಷಿಸಿದ. ಅವನು ತೀರಿಕೊಂಡ ಮೇಲೆ 1840ರಲ್ಲಿ ಆ ಗ್ರಂಥ ಹೊರಬಂತು. ಅವನ ಪ್ರಕಾರ ಸ್ವಿಫ್ಟಿನ ಹತ್ತಿರದ ನಂಟ ಅಂಬರಗುಬ್ಬಿಯಲ್ಲ. ಹೂವಿನ ಮುಂದೆ ನಿಂತಲ್ಲೇ ಹಾರುತ್ತ ಮಕರಂದ ಹೀರುವ, ಅಮೆರಿಕದ ಝೇಂಕಾರದ ಹಕ್ಕಿ. ಇಂದಿನ ಶಾಸ್ತ್ರ ನಿಟ್ಷನ ಮಾತನ್ನು ಎತ್ತಿಹಿಡಿದಿದೆ. ಅಂಬರಗುಬ್ಬಿ ಹಾಡುಹಕ್ಕಿಗಳ ಪೈಕಿಯದು. ಝೇಂಕಾರದ ಹಕ್ಕಿಯಂತೆ ಹೂವಿನ ರಸ ಕುಡಿಯುವ ನಮ್ಮ ಸೂರಕ್ಕಿಯೂ ಹಾಡುಹಕ್ಕಿಗಳ ಪೈಕಿಯದೇ. ಅವೆರಡರ ಹೋಲಿಕೆ ಹೂವು ಕಲಿಸಿದ್ದು.

ಇಲ್ಲಿ ನನ್ನ ಶಾಸ್ತ್ರದಿಂದ ಒಂದು ದೃಷ್ಟಾಂತ ಕೊಡಬಹುದೆಂದು ತೋರುತ್ತದೆ. ಅದೇ 19ನೆಯ ಶತಮಾನದ ಆದಿಯಲ್ಲಿ ಅನೇಕ ವಿದ್ವಾಂಸರು ಕನ್ನಡ, ತೆಲುಗು, ತಮಿಳುಗಳೆಲ್ಲ ಸಂಸ್ಕೃತದಿಂದ ಹುಟ್ಟಿದವೆಂದು ನಂಬಿದ್ದರು. ನಮ್ಮ ಚಂಪೂಕಾವ್ಯದ ಒಂದು ಪುಟವನ್ನು ತೆರೆದರೆ ಹಾಗೆ ತೋರುವುದು ಸಹಜವೇ; ಪದಪದವೂ ಸಂಸ್ಕೃತದ್ದು. 1816ರಲ್ಲಿ ಮದರಾಸಿನ ಅಧಿಕಾರಿ ಫ್ರಾನ್ಸಿಸ್ ಎಲ್ಲಿಸ್, ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಪ್ರಸ್ತಾವನೆಯಲ್ಲಿ, ಸಾಲವಾಗಿ ಬಂದ ಪದಗಳನ್ನು ಬದಿಗಿಟ್ಟು ಧಾತುಗಳನ್ನೂ ಪದ ಕಟ್ಟುವ ರೀತಿಯನ್ನೂ ನೋಡಿದರೆ ಈ ಭಾಷೆಗಳದ್ದೇ ಬೇರೊಂದು ವಂಶವೆಂದು ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಸ್ಥಾಪಿಸಿದ. ಸಾಲ ತಂದ ಒಡವೆಯನ್ನು ನೋಡಿ ಹುಟ್ಟಿದ ಮನೆಯನ್ನು ನಿರ್ಧರಿಸಲಾಗದು. ನಮ್ಮ ಕೇಶಿರಾಜನು 13ನೆಯ ಶತಮಾನದಲ್ಲಿಯೇ ತತ್ಸಮ, ತದ್ಭವ, ದೇಶ್ಯವೆಂದು ಪದಗಳ ಮೂಲವನ್ನು ಬೇರ್ಪಡಿಸಿ ನೋಡಿದ್ದ. ಹಾಗೆ ನೋಡಿದರೂ ಅವನು ನಾಮಪದ, ಕ್ರಿಯಾಪದ ಎಂಬ ಇನ್ನೊಂದು ವಿಂಗಡಣೆಯನ್ನು ಬಿಡಲಿಲ್ಲ. ಒಂದು ಪದದ ಹುಟ್ಟನ್ನು ಹೇಳುತ್ತದೆ, ಇನ್ನೊಂದು ವಾಕ್ಯದಲ್ಲಿ ಅದು ಮಾಡುವ ಕೆಲಸವನ್ನು ಹೇಳುತ್ತದೆ. ಎರಡೂ ಬೇಕು, ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಹಕ್ಕಿಗಳ ಶಾಸ್ತ್ರದಲ್ಲಿ ಈ ತಿಳಿವಳಿಕೆಯನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದು 1859ರಲ್ಲಿ ಬಂದ ಡಾರ್ವಿನ್ನನ ಗ್ರಂಥ. ವರ್ಗೀಕಾರರು ಅರಿತೋ ಅರಿಯದೆಯೋ ಹುಡುಕುತ್ತ ಬಂದದ್ದು ವಂಶದ ಸಂಬಂಧವನ್ನೇ ಎಂಬುದು ಅವನ ಅಭಿಪ್ರಾಯ. ಅಲ್ಲಿಂದ ಮುಂದೆ ಪಕ್ಷಿಶಾಸ್ತ್ರಜ್ಞರು ಬದುಕಿನ ರೀತಿಗೆ ಬೇಗ ಮಣಿಯದ ಗುರುತುಗಳನ್ನು ಹುಡುಕಿದರು. 1867ರಲ್ಲಿ ಥಾಮಸ್ ಹಕ್ಸ್‌ಲಿ ಹಕ್ಕಿಗಳ ಅಂಗುಳಿನ ಮೂಳೆಗಳ ಜೋಡಣೆಯನ್ನೇ ಮುಖ್ಯವಾಗಿ ಹಿಡಿದು ಹೊಸ ವರ್ಗೀಕರಣವನ್ನು ಮುಂದಿಟ್ಟ. ಮೂಳೆಗಳೂ ಮೋಸಮಾಡಬಲ್ಲವು ಎಂಬುದಕ್ಕೆ ಹಾರಲಾರದ ಹಕ್ಕಿಗಳ ಕಥೆಯೇ ಸಾಕ್ಷಿ.

ಹಾರುವ ಹಕ್ಕಿಯ ಎದೆಮೂಳೆಯ ನಡುವೆ ದೋಣಿಯ ತಳದಂತೆ ಒಂದು ಏಣು ಇರುತ್ತದೆ; ಹಾರಾಟದ ಸ್ನಾಯುಗಳು ಅದಕ್ಕೆ ಅಂಟಿರುತ್ತವೆ. ಆಫ್ರಿಕದ ಉಷ್ಟ್ರಪಕ್ಷಿ, ದಕ್ಷಿಣ ಅಮೆರಿಕದ ರಿಯಾ, ಆಸ್ಟ್ರೇಲಿಯದ ಎಮು, ನ್ಯೂಜಿಲೆಂಡಿನ ಕಿವಿ ಇವುಗಳಿಗೆ ಆ ಏಣು ಇಲ್ಲ. ಎದೆಮೂಳೆ ತೆಪ್ಪದಂತೆ ಚಪ್ಪಟೆ. 1813ರಲ್ಲಿ ಜರ್ಮನಿಯ ಬ್ಲಾಸಿಯಸ್ ಮೆರೆಮ್ ಹಕ್ಕಿಗಳನ್ನೆಲ್ಲ ಏಣುಳ್ಳವು, ತೆಪ್ಪದೆದೆಯವು ಎಂದು ಎರಡು ಮಾಡಿದ. ಇದಕ್ಕಿಂತ ಸ್ಪಷ್ಟವಾದ ಗುರುತು ಯಾವುದು? ಭೂಖಂಡಗಳು ಒಂದು ಕಾಲದಲ್ಲಿ ಕೂಡಿಕೊಂಡಿದ್ದು ಆಮೇಲೆ ಬೇರೆಯಾದುವೆಂದು 20ನೆಯ ಶತಮಾನದಲ್ಲಿ ತಿಳಿದಾಗ, ಹಾರಲಾರದ ಒಬ್ಬ ಮೂಲಪುರುಷನ ಮಕ್ಕಳು ಖಂಡಖಂಡದೊಡನೆ ಚದುರಿಹೋದರೆಂಬ ಸೊಗಸಾದ ಕಥೆಯೂ ಹುಟ್ಟಿತು. ನಡುವೆ ತೊಡಕಾಗಿದ್ದದ್ದು ದಕ್ಷಿಣ ಅಮೆರಿಕದ ಟಿನಮು ಎಂಬ, ಕೌಜುಗದಂಥ ಹಕ್ಕಿ. ಅದರ ಅಂಗುಳು ಉಷ್ಟ್ರಪಕ್ಷಿಯ ಅಂಗುಳಿನಂತೆ ಇದೆಯೆಂದು ಹಕ್ಸ್‌ಲಿಯೇ ಕಂಡಿದ್ದ. ಆದರೆ ಅದಕ್ಕೆ ಏಣು ಉಂಟು, ಅದು ಹಾರುತ್ತದೆ.

2008ರಲ್ಲಿ ವಂಶವಾಹಿಗಳ ಅಧ್ಯಯನಗಳು ಟಿನಮು ಈ ಗುಂಪಿನ ಹೊರಗಿನ ನೆಂಟನಲ್ಲ, ಒಳಗಿನ ಮಗನೇ ಎಂದು ತೋರಿಸಿದವು. 2014ರಲ್ಲಿ ಅಳಿದುಹೋದ ಹಕ್ಕಿಗಳ ಮೂಳೆಗಳಿಂದ ತೆಗೆದ ಡಿಎನ್‌ಎ ಇನ್ನೂ ಆಶ್ಚರ್ಯದ ಸಂಗತಿಯನ್ನು ಹೇಳಿತು: ನ್ಯೂಜಿಲೆಂಡಿನ ಪುಟ್ಟ ಕಿವಿಯ ಅತ್ಯಂತ ಹತ್ತಿರದ ಬಂಧು ಅದೇ ನಾಡಿನ ಮೋವಾ ಅಲ್ಲ, ಹಿಂದೂ ಮಹಾಸಾಗರದ ಆಚೆ ದಡದ ಮಡಗಾಸ್ಕರಿನಲ್ಲಿದ್ದ ದೈತ್ಯ ಆನೆಹಕ್ಕಿ. ಎಂದರೆ ಇವುಗಳ ಪೂರ್ವಜರು ಹಾರಬಲ್ಲವರಾಗಿದ್ದು, ಬೇರೆಬೇರೆ ನಾಡುಗಳಲ್ಲಿ ಬೇರೆಬೇರೆಯಾಗಿ ಹಾರಾಟವನ್ನು ಮರೆತಿರಬೇಕು. ಎರಡು ಶತಮಾನಗಳ ಕಾಲ ಒಂದು ವಂಶದ ಲಾಂಛನವೆನಿಸಿದ್ದ ಚಪ್ಪಟೆ ಎದೆ, ಹಲವು ಸಲ ನಡೆದ ಒಂದು ನಷ್ಟದ ಗುರುತಾಗಿ ಉಳಿಯಿತು.

ಇನ್ನೊಂದು ಬಗೆಯ ಹಳೆಯ ಗುಂಪೂ ಉಂಟು. ಅದನ್ನು ಕಟ್ಟಿದ್ದು ಹೋಲಿಕೆಯಿಂದಲ್ಲ, ಸಂಕೋಚದಿಂದ. ಚಿಕ್ಕ ಹಾಡುಹಕ್ಕಿಗಳಲ್ಲಿ ನೊಣಹಿಡುಕ, ಸಿಳ್ಳಾರ, ಉಲಿಯಕ್ಕಿ, ಹರಟೆಮಲ್ಲ ಇವುಗಳ ನಡುವೆ ಗೆರೆ ಎಳೆಯುವುದು ಕಷ್ಟ. 1910ರ ಹೊತ್ತಿಗೆ ಜರ್ಮನಿಯ ಅರ್ನ್‌ಸ್ಟ್ ಹಾರ್ಟರ್ಟ್, ಗೆರೆ ಸಿಗದಿದ್ದರೆ ಎಲ್ಲವನ್ನೂ ಒಂದೇ ಕುಟುಂಬವೆನ್ನುವುದು ಪ್ರಾಮಾಣಿಕತೆಯೆಂದು ಬಗೆದು ಒಟ್ಟುಗೂಡಿಸಿದ. 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಬಂದ ಸಲೀಂ ಅಲಿ ಮತ್ತು ರಿಪ್ಲಿಯವರ ಮಹಾಗ್ರಂಥದಲ್ಲಿಯೂ ಈ ದೊಡ್ಡ ಕುಟುಂಬವೇ ಇದೆ. ನಮ್ಮಲ್ಲಿ ಹಲವರು ಹಕ್ಕಿಗಳನ್ನು ಕಲಿತದ್ದು ಆ ಸಂಪುಟಗಳಿಂದಲೇ. ಈಗ ಆ ಅವಿಭಕ್ತ ಕುಟುಂಬ ಪಾಲಾಗಿದೆ. ಹರಟೆಮಲ್ಲನ ಮನೆ ಬೇರೆ, ನೊಣಹಿಡುಕನ ಮನೆ ಬೇರೆ.

ಪಾಲುಮಾಡುವ ಹೊಸ ಸಾಧನವನ್ನು ಹಕ್ಕಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಳಸಿದವರು ಅಮೆರಿಕದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್ಕ್ವಿಸ್ಟ್. ಡಿಎನ್‌ಎ ಎಂಬುದು ಎರಡು ಎಳೆಗಳ ಹುರಿ. ಅದನ್ನು ಕಾಯಿಸಿದರೆ ಎಳೆಗಳು ಬಿಡಿಯಾಗುತ್ತವೆ. ಒಂದು ಹಕ್ಕಿಯ ಎಳೆಯನ್ನು ಇನ್ನೊಂದು ಹಕ್ಕಿಯ ಎಳೆಯೊಡನೆ ಹೆಣೆಯಲು ಬಿಟ್ಟು, ಮತ್ತೆ ಬಿಡಿಸಲು ಎಷ್ಟು ಕಾವು ಬೇಕಾಯಿತು ಎಂಬುದನ್ನು ಅವರು ಅಳೆದರು. ನಂಟು ಹತ್ತಿರವಾದಷ್ಟೂ ಹೆಣಿಗೆ ಬಿಗಿ. ಬಿಡಿಸಲು ಹೆಚ್ಚು ಕಾವು ಬೇಕು. 1990ರಲ್ಲಿ ಅವರ ದೊಡ್ಡ ಗ್ರಂಥ ಹೊರಬಂತು. ಆಸ್ಟ್ರೇಲಿಯದ ಹಾಡುಹಕ್ಕಿಗಳು ಯೂರೋಪಿನವನ್ನು ಹೋಲುವುದು ಬರಿಯ ಮೇಲುಹೋಲಿಕೆ ಎಂಬ ಅವರ ಮಾತು ನಿಂತಿತು. ಆದರೆ ಕೊಕ್ಕರೆ, ಹದ್ದು, ಡೇಗೆ, ಕಡಲಕ್ಕಿ, ಹೆಜ್ಜಾರ್ಲೆ, ಪೆಂಗ್ವಿನ್ ಎಲ್ಲವನ್ನೂ ಸೇರಿಸಿ ಅವರು ಕಟ್ಟಿದ ಬೃಹತ್ ಗಣ ಇಪ್ಪತ್ತು ವರ್ಷ ಕೂಡ ಬಾಳಲಿ‌ಲ್ಲ. ಹಳೆಯದನ್ನು ಕೆಡವಿದ ಸಾಧನವೇ ಕಟ್ಟಿದ್ದೆಂಬ ಮಾತ್ರಕ್ಕೆ ಹೊಸದು ಶಾಶ್ವತವಾಗುವುದಿಲ್ಲ.

ಆಮೇಲೆ ಎಳೆಗಳ ಬರಹವನ್ನೇ ಅಕ್ಷರ ಅಕ್ಷರವಾಗಿ ಓದುವ ಕಾಲ ಬಂತು. 2001ರಲ್ಲಿ ಉದ್ದಕಾಲಿನ ರಾಜಹಂಸದ ಹತ್ತಿರದ ನಂಟ ನಮ್ಮ ಕೆರೆಗಳಲ್ಲಿ ಮುಳುಗೇಳುವ ಗಿಡ್ಡ ಗುಳುಮುಳುಕದ ಬಳಗ ಎಂದು ಹೇಳಿದಾಗ ನಂಬಿದವರು ಕಡಿಮೆ. ಇಂದು ಅದು ಒಪ್ಪಿತ ಸಂಗತಿ. 2008ರಲ್ಲಿ 169 ಪ್ರಭೇದಗಳ ಅಧ್ಯಯನವೊಂದು ಡೇಗೆಗಳನ್ನು ಹದ್ದುಗಳ ಮನೆಯಿಂದ ಹೊರಗೆ ತಂದು ಗಿಳಿಗಳ ಮತ್ತು ಹಾಡುಹಕ್ಕಿಗಳ ಪಕ್ಕದಲ್ಲಿ ಕೂರಿಸಿತು. 2014ರಲ್ಲಿ 48 ಹಕ್ಕಿಗಳ, 2024ರಲ್ಲಿ 363 ಹಕ್ಕಿಗಳ ಸಂಪೂರ್ಣ ವಂಶಲಿಪಿಯನ್ನು ಓದಿದಾಗಲೂ ಈ ನಂಟು ಕದಲಲಿಲ್ಲ. ಜಾನ್ ರೇ ಬಾಗಿದ ಕೊಕ್ಕನ್ನು ಕಂಡು ಗಿಳಿಯನ್ನೂ ಡೇಗೆಯನ್ನೂ ನೆರೆಯವರನ್ನಾಗಿ ಮಾಡಿದ್ದನಲ್ಲ! ನೆರೆ ಸರಿಯಾಗಿತ್ತು, ಕಾರಣ ಸರಿಯಾಗಿರಲಿಲ್ಲ; ಅದೇ ಕಾರಣದಿಂದಲೇ ಅವನು ಹದ್ದನ್ನೂ ಗೂಬೆಯನ್ನೂ ಅಲ್ಲಿಗೇ ಕರೆತಂದಿದ್ದ. ಇಷ್ಟೆಲ್ಲ ಓದಿದ ಮೇಲೂ ದಕ್ಷಿಣ ಅಮೆರಿಕದ ಹೋಟ್ಸಿನ್ ಎಂಬ ಸೊಪ್ಪುತಿನ್ನುವ ಹಕ್ಕಿಯ ಸ್ಥಾನ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಇದೆಲ್ಲ ವಿದ್ವಾಂಸರ ಮನೆಯ ಜಗಳ, ನಮಗೇನು ಎಂದು ಕೇಳಬಹುದು. ರಣಹದ್ದುಗಳ ವಿಷಯದಲ್ಲಿ ಅದಕ್ಕೆ ಉತ್ತರವಿದೆ. ಅಮೆರಿಕದಲ್ಲಿಯೂ ರಣಹದ್ದುಗಳಿವೆ, ನಮ್ಮಲ್ಲಿಯೂ ಇವೆ. ಬೋಳು ತಲೆ, ಅಗಲ ರೆಕ್ಕೆ, ಹೆಣ ತಿನ್ನುವ ಬಾಳು ಎರಡಕ್ಕೂ ಒಂದೇ. ಆದರೆ ನಮ್ಮವು ಹದ್ದು, ಗರುಡಗಳ ಕುಟುಂಬದೊಳಗಿನವು; ಅಮೆರಿಕದವು ಆ ಕುಟುಂಬದಿಂದ ಬಹು ಹಿಂದೆಯೇ ಬೇರೆಯಾದ ಇನ್ನೊಂದು ಕವಲು. ಅಮೆರಿಕದ ಪಕ್ಷಿಶಾಸ್ತ್ರಜ್ಞರ ಸಂಘವೇ 1998ರಲ್ಲಿ ಅವನ್ನು ಕೊಕ್ಕರೆಗಳ ಗಣಕ್ಕೆ ಸೇರಿಸಿ, 2007ರಲ್ಲಿ ಮತ್ತೆ ಹಿಂದಕ್ಕೆ ತಂದಿತ್ತು. ನಮ್ಮ ರಾಮಾಯಣದ ಜಟಾಯು ಅರುಣನ ಮಗ, ಗರುಡನ ಅಣ್ಣನ ಮಗ. ಕವಿಯ ಕಲ್ಪನೆಯನ್ನು ವಿಜ್ಞಾನವೆಂದು ಸಾಧಿಸುವುದು ಬೇಡ. ಆದರೂ ಹದ್ದು, ರಣಹದ್ದುಗಳು ದಾಯಾದಿಗಳೆಂಬ ಆ ಭಾವನೆ ಇಂದಿನ ವಂಶವೃಕ್ಷದೊಡನೆ ಹೊಂದಿಕೊಂಡಿರುವುದು ಸಂತೋಷದ ಸಂಗತಿ.

1990ರ ದಶಕದಿಂದ ಭಾರತದ ರಣಹದ್ದುಗಳು ಕಂಡುಕೇಳದ ವೇಗದಲ್ಲಿ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ ಇದಕ್ಕೆ ಕಾರಣವೆಂದು 2004ರಲ್ಲಿ ತಿಳಿಯಿತು. ಆ ದನದ ಹೆಣ ತಿಂದ ಹಕ್ಕಿಯ ಮೂತ್ರಪಿಂಡಗಳು ಕೆಟ್ಟು ಅದು ಸಾಯುತ್ತದೆ. 2006ರಲ್ಲಿ ದನಗಳಿಗೆ ಆ ಔಷಧವನ್ನು ನಿಷೇಧಿಸಲಾಯಿತು. 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಮ್ಮ ರಣಹದ್ದನ್ನು ಕೊಲ್ಲುವ ಪ್ರಮಾಣದ ನೂರು ಪಟ್ಟಿಗೂ ಮಿಕ್ಕಿ ಕೊಟ್ಟರೂ ಅಮೆರಿಕದ ಟರ್ಕಿ ರಣಹದ್ದು ಅದನ್ನು ತಾಳಿಕೊಂಡಿತು. ಆಮೇಲೆ ರಾಜಸ್ಥಾನದಲ್ಲಿ ದನದ ಹೆಣಗಳನ್ನು ಎಸೆಯುವ ಜಾಗದಲ್ಲಿ ಎರಡು ಸ್ಟೆಪ್ ಹದ್ದುಗಳು ಸತ್ತು ಬಿದ್ದಿದ್ದವು. ಅವುಗಳ ದೇಹದಲ್ಲಿಯೂ ಇದೇ ಔಷಧ ಸಿಕ್ಕಿತೆಂದು 2014ರಲ್ಲಿ ವರದಿಯಾಯಿತು. ಅದು ರಣಹದ್ದಲ್ಲ, ನಮ್ಮ ರಣಹದ್ದಿನ ದಾಯಾದಿ. ಹೆಸರನ್ನೂ ರೂಪವನ್ನೂ ನಂಬಿ ಅಮೆರಿಕದ ಹಕ್ಕಿಯ ಮೇಲೆ ಮಾತ್ರ ಪರೀಕ್ಷೆ ನಡೆಸಿದ್ದರೆ ಔಷಧ ನಿರಪಾಯವೆಂಬ ತೀರ್ಮಾನ ಬರುತ್ತಿತ್ತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಗಿದೆ. ಅಲ್ಲಿಯ ಬಂಡೆಗಳಲ್ಲಿ ಗೂಡುಕಟ್ಟುತ್ತ ಬಂದಿರುವ ಉದ್ದಕೊಕ್ಕಿನ ರಣಹದ್ದಿನ ಅಳಿವು ಉಳಿವು ಇಂಥ ತಿಳಿವಳಿಕೆಯನ್ನು ಆಶ್ರಯಿಸಿದೆ.

ಕಡೆಯದಾಗಿ ನಮ್ಮ ಮಲೆನಾಡಿನ ಒಂದು ಹಕ್ಕಿಯ ಮಾತು. ಬಾಬಾಬುಡನ್‌ಗಿರಿ, ನೀಲಗಿರಿಗಳ ಎತ್ತರದಲ್ಲಿ, ಹುಲ್ಲುಬೆಟ್ಟಗಳ ಮಡಿಕೆಗಳಲ್ಲಿ ಶೋಲಾ ಕಾಡುಗಳಿವೆ. ಅಲ್ಲಿಯ ನೆರಳಿನಲ್ಲಿ ನೆಲದ ಮೇಲೆ ಕುಪ್ಪಳಿಸುವ ಒಂದು ನೀಲಿ ಹಕ್ಕಿಯನ್ನು ಜೆರ್ಡನ್ 1840ರ ದಶಕದಲ್ಲಿ ಶಾಸ್ತ್ರಕ್ಕೆ ಪರಿಚಯಿಸಿದ. ಅವನು ಅದನ್ನು ಕೆಂಬಾಲದ ಹಕ್ಕಿಗಳ ಜಾತಿಗೆ ಸೇರಿಸಿದ್ದ. ಆಮೇಲೆ ಬಂದವರು ಕ್ಯಾಲೀನ್ ಎಂದರು, ಗಿಡ್ಡರೆಕ್ಕೆಯ ಬ್ರಾಕಿಟೆರಿಕ್ಸ್ ಎಂದರು, ಮಯೋಮೆಲಾ ಎಂದರು. ಗಿಡ್ಡರೆಕ್ಕೆಯವು ಹಿಮಾಲಯದಲ್ಲಿಯೂ ಅದರಾಚೆಗೂ ಇವೆ. ಆ ಲೆಕ್ಕದಲ್ಲಿ ಇದು ದೊಡ್ಡ ಬಳಗದ ದೂರದ ಒಬ್ಬ ಸದಸ್ಯ ಮಾತ್ರ. 2017ರಲ್ಲಿ ವಿ.ವಿ. ರಾಬಿನ್ ಮತ್ತು ಸಂಗಡಿಗರು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳೂ ಸೇರಿ, ಇದೂ ದಕ್ಷಿಣದ ಬೆಟ್ಟಗಳಲ್ಲಿರುವ ಇದರ ಒಡಹುಟ್ಟುಗಳೂ ಲೋಕದಲ್ಲಿ ಬೇರೆಲ್ಲೂ ಇಲ್ಲದ ಸ್ವತಂತ್ರ ಕವಲೆಂದು ತೋರಿಸಿದರು. ಅದಕ್ಕೆ ಶೋಲಿಕೋಲಾ ಎಂದು ಹೆಸರಿಟ್ಟರು. ಶೋಲಾ ಎಂಬುದು ತೋಪೆಂಬ ಅರ್ಥದ ತಮಿಳು ಮಾತಿನಿಂದ ಬಂದದ್ದು. ಕೋಲಾ ಎಂದರೆ ಲ್ಯಾಟಿನ್ನಿನಲ್ಲಿ ವಾಸಿಸುವವನು. ಹಳೆಯ ಗುಂಪಿನಲ್ಲಿದ್ದಾಗ ಈ ಹಕ್ಕಿ ಅಳಿದರೆ ಬಳಗದಲ್ಲಿ ಒಂದು ಕಡಿಮೆಯಾಗುತ್ತಿತ್ತು. ಈಗ ತಿಳಿದಿರುವಂತೆ ಈ ಕಾಡುಗಳು ಹೋದರೆ ಒಂದು ಕವಲೇ ಹೋಗುತ್ತದೆ; ಅದರ ಬದಲಿಗೆ ತರಲು ಹಿಮಾಲಯದಲ್ಲಿ ಏನೂ ಇಲ್ಲ.

ಹಾಗಾದರೆ ಜೆರ್ಡನ್ನನ ಗ್ರಂಥ ನಿಷ್ಪ್ರಯೋಜಕವಾಯಿತೆ? ಅವನ ಗಣಗಳು ಹೋದವು, ಪಂಗಡಗಳು ಹೋದವು, ಈ ಹಕ್ಕಿಗೆ ಅವನು ಕೊಟ್ಟ ಜಾತಿಯೂ ಹೋಯಿತು. ಆದರೆ ಹಕ್ಕಿಯ ಬಣ್ಣ, ಅಳತೆ, ನೆಲೆ, ನಡೆಗಳನ್ನು ಕಂಡಂತೆ ಬರೆದಿಟ್ಟ ಅವನ ವರ್ಣನೆಯನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುತ್ತಾರೆ. ಸ್ಟ್ರಿಕ್ಲೆಂಡನ ಕಾಲದಿಂದ ನಡೆದುಬಂದ ನಿಯಮದಂತೆ, ಒಂದು ಹಕ್ಕಿ ಎಷ್ಟು ಗುಂಪುಗಳನ್ನು ದಾಟಿದರೂ ಮೊದಲು ವರ್ಣಿಸಿದವನು ಇಟ್ಟ ಪ್ರಭೇದದ ಹೆಸರು ಅದರೊಡನೆಯೇ ಹೋಗುತ್ತದೆ. ಆದುದರಿಂದ ಆ ನೀಲಿ ಹಕ್ಕಿಯ ಇಂದಿನ ಶಾಸ್ತ್ರೀಯ ನಾಮ ಶೋಲಿಕೋಲಾ ಮೇಜರ್. ಮೊದಲ ಪದ 2017ರದು. ಎರಡನೆಯದು ಜೆರ್ಡನ್ ಇಟ್ಟದ್ದು.